ಆಣೆ ಇಡದ ಮನೆ

ಅರಿಷಿಣ ಪುಡಿಯ ಪೊಟ್ಟಣ ಬಿಚ್ಚಿದರೆ ನಿಮಗೆ ಅಡುಗೆಮನೆಯೋ ಮದುವೆಯ ಚಪ್ಪರವೋ ನೆನಪಾಗಬಹುದು. ನನಗೆ ಸಾರವಾಡದ ಚಾವಡಿ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಪೊಟ್ಟಣವನ್ನು ಕೂಡಲೇ ಡಬ್ಬಿಗೆ ಸುರಿದು ಮುಚ್ಚಳ ಹಾಕುತ್ತೇನೆ. ವಾಸನೆ ಮಾತ್ರ ಸುಮಾರು ಹೊತ್ತು ಅಲ್ಲೇ ಇರುತ್ತದೆ.

ನಲವತ್ತರ ದಶಕದಲ್ಲಿ ಅಪ್ಪ ಆ ಊರಿನಲ್ಲಿ ಶಾಲೆ ನಡೆಸುತ್ತಿದ್ದ. ಯೇಸುಸ್ವಾಮಿಯ ಹೆಸರು ಹೇಳುವ ಮನೆ ಊರಿಗೆಲ್ಲ ನಮ್ಮದೊಂದೇ. ನಸುಕಿನಲ್ಲಿ ಹಾಸಿಗೆ ಸುತ್ತಿಡುವುದು, ಕಂದೀಲಿನ ಗಾಜನ್ನು ಬೂದಿಯಿಂದ ತಿಕ್ಕುವುದು, ಪ್ರಾರ್ಥನೆ, ಆಮೇಲೆ ರೊಟ್ಟಿ: ಈ ಕ್ರಮ ಒಂದು ದಿನವೂ ತಪ್ಪಲಿಲ್ಲ. ಇವತ್ತಿಗೂ ನನ್ನ ದಿನ ಹಾಗೆಯೇ ಶುರುವಾಗುತ್ತದೆ. ಸಂಜೆ ಊಟವಾದ ಮೇಲೆ ಚಾಪೆಯ ಮೇಲೆ ಕೂತು ಅಪ್ಪ, ಅವ್ವ, ನಾವು ಮಕ್ಕಳು ಒಬ್ಬೊಬ್ಬರೂ ಆ ದಿನ ಮಾಡಿದ್ದನ್ನು ಇದ್ದ ಹಾಗೆ ಹೇಳಬೇಕಿತ್ತು. ಹೆಚ್ಚಿಸುವಂತಿಲ್ಲ, ಮುಚ್ಚಿಡುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ ಆಣೆ ಇಡಬಾರದು. ಆಣೆ ಕೇಳುವ ಮಾತು ಆಗಲೇ ಅರ್ಧ ಸುಳ್ಳು, ನಾವು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅಂದುಬಿಟ್ಟರೆ ಸಾಕು ಎಂದು ಅಪ್ಪ ಕಲಿಸಿದ್ದ. ಇದರಿಂದ ಓಣಿಯ ಆಟಗಳಲ್ಲೆಲ್ಲ ನಾನೇ ಸೋಲುತ್ತಿದ್ದೆ. ಔಟಾಗಿಲ್ಲ ಅಂದರೆ ಹುಡುಗಿಯರು, “ನಿಮ್ಮವ್ವನಾಣಿ ಹೇಳು!” ಅನ್ನುತ್ತಿದ್ದರು. ನಾನು ಸುಮ್ಮನಾದ ಕೂಡಲೇ, “ಇಕಿ ಆಣಿ ಇಡಂಗಿಲ್ಲ ಬೇ, ಇಕಿ ಕಳ್ಳಿ!” ಎಂದು ಚಪ್ಪಾಳೆ ತಟ್ಟುತ್ತಿದ್ದರು. ಅಳುತ್ತ ಮನೆಗೆ ಬಂದರೆ ಅವ್ವ ಸೆರಗಿನಿಂದ ಮೂಗು ಒರೆಸಿ, “ಸೋತರ ಸೋತಿ ತಗೋ, ರೊಟ್ಟಿ ತಿನ್ನು” ಅನ್ನುತ್ತಿದ್ದಳು. ಅವಳು ಅಪ್ಪನಷ್ಟು ಬಿಗಿಯಾಗಿ ಏನನ್ನೂ ಹೇಳಿದವಳಲ್ಲ.

ಯುದ್ಧದ ಕಾಲ. ಚಿಮಣಿ ಎಣ್ಣೆಗೂ ಸಾಲು ನಿಲ್ಲಬೇಕಿತ್ತು. ಒಂದು ದಿನ ಅವ್ವ ನನ್ನನ್ನು ಕರೆದುಕೊಂಡು ಬೆಳಕು ಹರಿಯುವ ಮುಂಚೆಯೇ ಬೇರೆ ಊರಿನವರ ಬಂಡಿ ಹತ್ತಿ ವಿಜಾಪುರಕ್ಕೆ ಹೋದಳು. ಸ್ಟೇಷನ್ ರಸ್ತೆಯ ಅಂಗಡಿಯೊಂದರ ಮುಂದೆ ಬಿಸಿಲಲ್ಲಿ ನಿಂತು ನಿಂತು ಎಣ್ಣೆ ತಗೊಂಡು ಊರು ಸೇರುವಾಗ ಕತ್ತಲಾಗಿತ್ತು. ಊರ ಹೊರಗೆ ಆಕಾಶ ಕೆಂಪಾಗಿತ್ತು. ಗೌಡರ ಜೋಳದ ಕಣಿಕೆಯ ಬಣವೆಗೆ ಬೆಂಕಿ ಬಿದ್ದಿತ್ತು. ಊರಿಗೆ ಊರೇ ಕೊಡ ಹಿಡಿದು ಅತ್ತ ಓಡಿತ್ತು. ನಾವು ಬಂಡಿ ಇಳಿದದ್ದನ್ನು ಯಾರೂ ನೋಡಲಿಲ್ಲ.

ಮರುದಿನ ಎಲ್ಲರ ಬಾಯಲ್ಲಿ ಒಂದೇ ಹೆಸರು, ಯಮನಪ್ಪ. ಗೌಡರ ಹೊಲಕ್ಕೆ ಹೊಂದಿಕೊಂಡು ಅವನದೊಂದು ತುಂಡು ಹೊಲವಿತ್ತು. ಬದುವಿನ ಮೇಲೆ ಇಬ್ಬರಿಗೂ ಜಗಳವಾಗಿತ್ತು. ಆದರೆ ಬೆಂಕಿ ಬಿದ್ದ ಹೊತ್ತಿನಲ್ಲಿ ಯಮನಪ್ಪ ನಮ್ಮ ಮನೆಯಲ್ಲಿದ್ದ. ಮಳೆಗಾಲಕ್ಕೆ ಮುಂಚೆ ನಮ್ಮ ಮಾಳಿಗೆಯ ಮಣ್ಣಿನ ಚಾವಣಿಗೆ ಹೊಸ ಮಣ್ಣು ಹಾಕಿ ತುಳಿಯಲು ಬಂದಿದ್ದ. ಅಪ್ಪನೂ ಅವನೂ ಮಾಳಿಗೆಯ ಮೇಲಿಂದಲೇ ಹೊಗೆ ಕಂಡಿದ್ದರು. ಮೊದಲು ಇಳಿದು ಓಡಿದವನೂ ಅವನೇ.

ಚಾವಡಿಯಲ್ಲಿ ಊರು ಕೂಡಿತು. ಅಪ್ಪ ಕಂಡದ್ದನ್ನು ಕಂಡ ಹಾಗೆ ಹೇಳಿದ. ಗೌಡರು ತಲೆಯಾಡಿಸಿದರು. “ಮಾಸ್ತರ, ನಿಮ್ಮ ಮಾತಿನ ಮ್ಯಾಲೆ ನಮಗ ಸಂಶೆ ಇಲ್ರಿ. ಆದ್ರ ಊರ ರೀತಿ ಒಂದೈತಿ. ಭಂಡಾರ ಮುಟ್ಟಿ ಹೇಳ್ರಿ, ಮುಗೀತು.” ಗುಡಿಯಿಂದ ತಂದ ಅರಿಷಿಣದ ತಟ್ಟೆ, ಅವರು ಭಂಡಾರವೆನ್ನುವುದು, ನಡುವೆ ಇತ್ತು.

“ನಾ ಆಣಿ ಮಾಡಂಗಿಲ್ರಿ, ಗೌಡ್ರ. ಹೇಳಿದ್ದು ಖರೇ ಐತಿ.”

ಗೌಡರು ಕೆಟ್ಟವರಲ್ಲ. “ಭಂಡಾರ ಬ್ಯಾಡಂದ್ರ ನಿಮ್ಮ ದೇವರ ಪುಸ್ತಕಾನ ತರ್ರಿ. ಅದನ್ನ ಮುಟ್ಟಿ ಹೇಳ್ರಿ.”

“ಅದನ್ನ ಮುಟ್ಟೂ ಆಣಿ ಮಾಡಂಗಿಲ್ರಿ.”

ಹಿಂದಿನಿಂದ ಯಾರೋ, “ಖರೇ ಮಾತಿಗಿ ಇಷ್ಟ್ಯಾಕ ಅಂಜತಾನಲೇ ಮಾಸ್ತರ!” ಅಂದರು. ಜನ ನಕ್ಕರು. ನಗು ನಿಂತ ಮೇಲೆ ಚಾವಡಿಯ ಬಣ್ಣ ಬದಲಾಗಿತ್ತು. ತಪ್ಪು ಯಮನಪ್ಪನ ಮೇಲೆ ನಿಂತರೆ ಅವನ ಮನೆಗೆ ಬೆಂಕಿ ನೀರು ಬಂದ್. ಬಾವಿಗೆ ಅವನ ಹೆಂಡತಿ ಮಕ್ಕಳು ಕೊಡ ಇಳಿಸುವಂತಿಲ್ಲ. ಯಮನಪ್ಪ ಅಪ್ಪನ ಕಾಲು ಹಿಡಿದ. “ಯಪ್ಪಾ, ಒಮ್ಮಿ ಮುಟ್ರಿ. ನಮ್ಮ ಹುಡುಗ್ರು ನೀರಿಗಿ ಎಲ್ಲಿ ಹೋಗ್ಬೇಕ್ರಿ?” ಅಪ್ಪ ಕಣ್ಣು ಮುಚ್ಚಿದ. ತುಟಿ ಅಲುಗುತ್ತಿತ್ತು.

ಹೆಂಗಸರ ನಡುವಿನಿಂದ ಅವ್ವ ಎದ್ದದ್ದು ನನಗೆ ತಿಳಿದದ್ದು ನನ್ನ ಪಕ್ಕ ಖಾಲಿಯಾದಾಗಲೇ. “ನಾ ನೋಡೇನ್ರಿ” ಅಂದಳು.

“ನೀವೇನ್ರಿ, ಅಕ್ಕಾರ?”

“ಹೂಂನ್ರಿ. ನಮ್ಮ ಮಾಳಿಗಿ ಮ್ಯಾಲೆ ಮಣ್ಣ ತುಳಿಯಾಕತ್ತಿದ್ದ. ನಾ ನೀರ ಕೊಡಾಕ ಹತ್ತಿದ್ದೆ. ಹೊಗಿ ಎದ್ದದ್ದು ಮೂವರೂ ಕೂಡೇ ನೋಡೇವಿ.” ಬಗ್ಗಿ ಭಂಡಾರ ಮುಟ್ಟಿದಳು. ಅವಳ ದನಿ ಎಲ್ಲೂ ತಡವರಿಸಲಿಲ್ಲ. ಹಿಂದಿನ ಸಂಜೆ ಬಂಡಿಯಲ್ಲಿ ನಾನು ಅವಳ ತೊಡೆಯ ಮೇಲೆಯೇ ನಿದ್ದೆ ಹೋಗಿದ್ದೆ. ಗೌಡರು ಎದ್ದರು. ಯಮನಪ್ಪ ಪಾರಾದ.

ಆ ಸಂಜೆಯೂ ಚಾಪೆ ಹಾಸಿದೆವು. ಸರದಿ ಅವ್ವನಿಗೆ ಬಂತು. “ಇವತ್ತ ಸುಳ್ಳ ಆಣಿ ಮಾಡೇನ್ರಿ” ಅಂದಳು, ಜೋಳ ಬೀಸಿದೆ ಅನ್ನುವ ದನಿಯಲ್ಲೇ.

ಅಪ್ಪ ಕಂದೀಲಿನ ಬತ್ತಿ ಇಳಿಸಿ, “ಖರೇ ಹೇಳಿದಾಂವ ನಾನು” ಅಂದ.

“ಹೌದ್ರಿ. ನಂಬಸಾಕ ಮಾತ್ರ ಬರಲಿಲ್ಲ ನಿಮಗ.”

ಮರುದಿನದಿಂದ ಅಪ್ಪ ಯಾರನ್ನೂ ಏನನ್ನೂ ಕೇಳಲಿಲ್ಲ. ಒಬ್ಬರು ಇದ್ದ ಹಾಗೆ ಹೇಳಿದರೂ ಊರ ಕಿವಿಗೆ ಬೀಳಬಹುದಿತ್ತು, ಯಮನಪ್ಪ ಮತ್ತೆ ಚಾವಡಿಯಲ್ಲಿ ನಿಲ್ಲಬೇಕಾಗುತ್ತಿತ್ತು. ಊಟವಾದ ಕೂಡಲೇ ಚಾಪೆ ಸುತ್ತಿಡುತ್ತಿದ್ದೆವು. ವಿಜಾಪುರದಿಂದ ಪಾದ್ರಿಯವರು ಬಂದು ಪವಿತ್ರ ರೊಟ್ಟಿ ಹಂಚುವಾಗ ಅವ್ವ ಒಲೆ ನೋಡುವ ನೆಪದಲ್ಲಿ ಎದ್ದು ಹೋಗುತ್ತಿದ್ದಳು. ಅಪ್ಪ ಮಾತ್ರ ತಿನ್ನುವುದನ್ನು ಬಿಡಲಿಲ್ಲ. ಆದರೆ ತಿನ್ನುವಾಗ ಅವನು ಒಲೆಯ ಕಡೆ ತಿರುಗುವುದನ್ನು ನಾನು ನೋಡುತ್ತಿದ್ದೆ.

ಅದಕ್ಕಿಂತ ವಿಚಿತ್ರವಾದದ್ದು ಇನ್ನೊಂದು. ಯಮನಪ್ಪ ಬೇಸಿಗೆಗೊಮ್ಮೆ ಕರೆಯದೆಯೇ ಬಂದು ಮಾಳಿಗೆ ತುಳಿದು ಹೋಗುತ್ತಿದ್ದ. ಒಂದು ಸಲ ಮಾಳಿಗೆಯ ಮೇಲೆ ಅವ್ವ ತಂದುಕೊಟ್ಟ ನೀರು ಕುಡಿಯುತ್ತ, “ಅವತ್ತ ಹೊಗಿ ಮೊದಲ ನೀವ ನೋಡಿದ್ರಿ, ಅಕ್ಕಾರ. ಇಲ್ಲೇ, ಈ ಮೂಲ್ಯಾಗ ನಿಂತಿದ್ರಿ” ಅಂದ. ಅವನು ಅಣಕಿಸುತ್ತಿರಲಿಲ್ಲ. ಅವನಿಗೆ ಹಾಗೆಯೇ ನೆನಪಿತ್ತು. ಅವ್ವ ಕೊಡವನ್ನು ಅಲ್ಲೇ ಬಿಟ್ಟು ಕೆಳಗೆ ಇಳಿದು ಹೋದಳು. ಇಷ್ಟು ವರ್ಷದ ಮೇಲೆ ನನಗೂ ಕೆಲವೊಮ್ಮೆ ಆ ಮೂಲೆಯಲ್ಲಿ ಕೊಡ ಹಿಡಿದ ಅವ್ವ ಕಾಣುತ್ತಾಳೆ. ಬೆನ್ನ ಹಿಂದೆ ಹೊಗೆ ಇರುತ್ತದೆ. ಆಗ ಬಂಡಿಯ ಗಾಲಿಯ ಸದ್ದನ್ನು ಹಟ ಹಿಡಿದು ನೆನೆಸಿಕೊಳ್ಳುತ್ತೇನೆ. ಅವಳು ಮಾಡಿದ್ದು ಏನೆಂದು ತಿಳಿದವರಲ್ಲಿ ಈಗ ನಾನೊಬ್ಬಳೇ ಇದ್ದೇನೆ.

ಆ ದಶಕ ಮುಗಿಯುವ ಮೊದಲೇ ಅವ್ವ ಜ್ವರ ಹಿಡಿದು ಮಲಗಿದಳು. ಪಾದ್ರಿಯವರಿಗೆ ಹೇಳಿ ಕಳಿಸಿದ್ದೆವು. ಮಧ್ಯಾಹ್ನ ಅವಳು ಅಪ್ಪನನ್ನು ಹತ್ತಿರ ಕರೆದು, “ಅವರು ಬಂದ್ರ ಹೇಳಿಬಿಡ್ಲೇನ್ರಿ?” ಎಂದು ಕೇಳಿದಳು.

ಅಪ್ಪ ಅವಳ ತಲೆದೆಸೆಯಲ್ಲಿ ಕೂತ. ನಮ್ಮನ್ನೆಲ್ಲ ಒಮ್ಮೆ ನೋಡಿದ. “ಹೇಳೂದೇನೈತಿ? ನೀ ಅವತ್ತ ಮಾಳಿಗಿ ಮ್ಯಾಲೆ ಇದ್ದಿ. ನಾ ನೋಡೇನಿ...”

ಅವ್ವ ಕಷ್ಟಪಟ್ಟು ಕೈ ಎತ್ತಿ ಅವನ ಬಾಯಿ ಮುಚ್ಚಿದಳು. “ಬ್ಯಾಡ್ರಿ. ನೀವು ಬ್ಯಾಡ್ರಿ.”

ಪಾದ್ರಿಯವರ ಬಂಡಿ ಬರುವುದು ತಡವಾಯಿತು. ಆ ಕೈ ತಣ್ಣಗಾಗುವ ತನಕ ಅಪ್ಪ ಅದನ್ನು ತನ್ನ ಬಾಯಿಯ ಮೇಲಿಂದ ಸರಿಸಲಿಲ್ಲ.