ಗುಡ್ಡಕ್ಕೆ ಸುಣ್ಣ ಹಚ್ಚಿದ ಅಕ್ಕ

ನನ್ನ ಅಕ್ಕ ಕುಳಿತು ಊಟ ಮಾಡಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ತಟ್ಟೆ ಎಡಗೈಯಲ್ಲಿ, ರೊಟ್ಟಿ ಬಲಗೈಯಲ್ಲಿ. ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಅಂಗಳಕ್ಕೆ ತಿರುಗುತ್ತಲೇ ಉಣ್ಣುತ್ತಿದ್ದಳು. "ಒಂದು ಕಡಿ ಕುಂದ್ರು ಬೇ, ಹಿಂಗ ತಿಂದ್ರ ಮೈಗೆ ಹತ್ತೂದಿಲ್ಲ" ಎಂದು ಅವ್ವ ಬೈದರೆ, "ಕಾಲಿಗೆ ಹತ್ತಿದ್ರ ಸಾಕು ಬಿಡು ಯವ್ವಾ" ಎನ್ನುತ್ತ ಮತ್ತೊಂದು ಸುತ್ತು ಹಾಕುತ್ತಿದ್ದಳು. ಮಾನ್ವಿ ಬಸ್ ನಿಲ್ದಾಣದಲ್ಲಿ ಬಸ್ಸು ಹೊರಡುವ ತನಕ ಒಳಗೆ ಕೂರುತ್ತಿರಲಿಲ್ಲ. ಡ್ರೈವರು ಗೇರು ಹಾಕಿದ ಮೇಲೆ ಓಡಿ ಹತ್ತುತ್ತಿದ್ದಳು.

ಅವಳ ಹೆಸರು ಸುಜಾತ. ಅವ್ವ ಭತ್ತದ ನಾಟಿಗೆ ಹೋಗಿ ನಮ್ಮಿಬ್ಬರನ್ನು ಸಾಕಿದಳು. ಅಕ್ಕ ಓದಿದಳು, ಓಟದ ಪಂದ್ಯಗಳಲ್ಲಿ ಗೆದ್ದಳು, ಗಬ್ಬೂರಿನ ಆಚೆಗಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿಯಾದಳು. ರಾಯಚೂರಿನಲ್ಲಿ ಬಾಡಿಗೆ ಮನೆ ಹಿಡಿದಳು. ನಾನು ಹತ್ತನೆಯ ತರಗತಿಗೆ ಓದು ನಿಲ್ಲಿಸಿ ಮಾನ್ವಿಯಲ್ಲೇ ಹೊಲಿಗೆ ಮಷೀನಿನ ಮುಂದೆ ಕುಳಿತೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬಳು ಕೂರಲಾರದವಳು, ಒಬ್ಬ ಏಳಲಾರದವನು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಅವಳು ದಪ್ಪ ಟೈರಿನ ಒಂದು ಗೇರ್ ಸೈಕಲ್ಲು ಕೊಂಡಳು. ಶಾಲೆಯ ಹಿಂದೆ ಎರಡು ಕಲ್ಲುಗುಡ್ಡಗಳಿದ್ದವು, ಅವುಗಳ ನಡುವೆ ಒಂದು ಕೊಳ್ಳ. ಗುಡ್ಡದ ನೆತ್ತಿಯಿಂದ ಆ ಕೊಳ್ಳದ ತಳಕ್ಕೆ ಆಡುಗಳು ತುಳಿದು ಮಾಡಿದ ಒಂದು ದಾರಿ. ಅಗಲ ಎಂದರೆ ಒಂದು ಗಾಲಿ ಹಿಡಿಸುವಷ್ಟು. ಎದುರಿಗೆ ಆಡು ಬಂದರೆ ಒಬ್ಬರು ಕಲ್ಲು ಹತ್ತಿ ನಿಲ್ಲಬೇಕು. ಅಂಥ ದಾರಿಯಲ್ಲಿ ಅಕ್ಕ ಚೂಡಿದಾರದ ಕಾಲನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು ಸೈಕಲ್ಲಿನಲ್ಲಿ ಕೆಳಗಿಳಿಯುತ್ತಿದ್ದಳು. ಸೀಟಿನ ಮೇಲೆ ಕೂರುತ್ತಿರಲಿಲ್ಲ. ಅಲ್ಲಿಯೂ ಪೆಡಲಿನ ಮೇಲೆ ನಿಂತೇ ಇರುತ್ತಿದ್ದಳು.

ಹೊಸ ದಾರಿಯನ್ನು ಅವಳು ಮೊದಲು ನಡೆದು ನೋಡುತ್ತಿದ್ದಳು, ಕೈಯಲ್ಲಿ ನೀರಿನಲ್ಲಿ ಕಲಸಿದ ಸುಣ್ಣದ ಡಬ್ಬಿ. ಅಪಾಯದ ಕಲ್ಲಿಗೆ ಗುರುತು ಹಾಕುತ್ತಾಳೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಆ ಕಲ್ಲನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಗಾಲಿ ಹೋಗಬೇಕಾದ ಜಾಗಕ್ಕೆ ಬೊಟ್ಟಿಡುತ್ತಿದ್ದಳು. "ಕಲ್ಲು ನೋಡಬ್ಯಾಡಲೇ, ಖಾಲಿ ಜಾಗ ನೋಡು. ಕಣ್ಣು ಎಲ್ಲಿ ಹೋಗ್ತದ, ಗಾಲಿ ಅಲ್ಲೇ ಹೋಗ್ತದ" ಎನ್ನುತ್ತಿದ್ದಳು. ತರಗತಿಯಲ್ಲಿ ಅಂಜುವ ಹುಡುಗಿಯರಿಗೂ ಅವಳು ಹೇಳುತ್ತಿದ್ದುದು ಇದೇ ಮಾತು.

ಸುಣ್ಣ ಶಾಲೆಯದು. ಮುಖ್ಯೋಪಾಧ್ಯಾಯರು ಒಂದು ದಿನ ಖಾಲಿ ಚೀಲ ಹಿಡಿದು ಬಂದರಂತೆ. "ಟೀಚರ್, ಇದು ಖೋಖೋ ಅಂಕಣಕ್ಕ ಬಂದ ಸುಣ್ಣರೀ. ಗುಡ್ಡಕ್ಕ ಬಂದದ್ದಲ್ಲ."

"ಗುಡ್ಡದಾಗೂ ಆಟಾನ ನಡದದ್ರಿ ಸರ್. ಬರ್ರಿ, ಒಂದಿನ ನೀವೂ ಆಡ್ರಿ."

ಅವರು ಬರಲಿಲ್ಲ. ಆದರೆ ಕೆಳಗಿನ ಊರಿನವರು ಬಂದರು. ಸಾಲಾಗಿ ಬಿಳಿ ಬೊಟ್ಟು ಕಂಡು, ಸರ್ಕಾರ ಗುಡ್ಡದ ಸರ್ವೆ ಮಾಡುತ್ತಿದೆ, ಕಲ್ಲು ಕ್ವಾರಿಗೆ ಕೊಡುತ್ತಾರೆ, ಇನ್ನು ಆಡು ಮೇಯಿಸಲು ಜಾಗವಿಲ್ಲ ಎಂದು ಸುದ್ದಿ ಹಬ್ಬಿತ್ತು. ಹನುಮವ್ವ ಎಂಬ ಆಡು ಕಾಯುವ ಮುದುಕಿ ಒದ್ದೆ ಗೋಣಿಚೀಲ ತಂದು ಒಂದೊಂದೇ ಬೊಟ್ಟು ಒರೆಸುತ್ತ ಗುಡ್ಡ ಹತ್ತಿದ್ದಳು. ಇದು ತಿಳಿಯದೆ ಅಕ್ಕ ಮೇಲಿನಿಂದ ಜೋರಾಗಿ ಬಂದಳು. ಗುರುತು ಹುಡುಕುತ್ತ ಕಲ್ಲು ನೋಡಿದಳು, ಸೈಕಲ್ ಸಮೇತ ಹನುಮವ್ವನ ಆಡುಗಳ ನಡುವೆ ಬಿದ್ದಳು.

"ಯಾವ ಆಫೀಸಿನಾಕಿ ನೀನು?" ಎಂದು ಹನುಮವ್ವ ಕೋಲು ಎತ್ತಿದಳಂತೆ.

"ಆಫೀಸಲ್ಲ ಯವ್ವಾ, ಸಾಲಿ. ಪೀಟಿ ಟೀಚರ್."

"ಸಾಲಿಯಾಕಿಗೆ ಗುಡ್ಡದಾಗ ಏನ್ ಕೆಲಸ?"

"ಏನೂ ಇಲ್ಲ. ಇಳೀತೀನಿ, ಅಷ್ಟ."

ಮುದುಕಿ ಕೋಲು ಇಳಿಸಿ, ಅಕ್ಕನ ಮೊಣಕೈಯ ರಕ್ತವನ್ನು ಅದೇ ಗೋಣಿಚೀಲದಲ್ಲಿ ಒರೆಸಿದಳು. "ಹೇಳಿ ಹಚ್ಚಬೇಕವಾ. ನಮ್ಮ ಎದಿ ಹೊಡಕೊಂಡಿತಲ್ಲ." ಆಮೇಲೆ ಅಕ್ಕ ಹೊಸ ಬೊಟ್ಟು ಇಡುವ ಮುನ್ನ ಹನುಮವ್ವನ ಮನೆಗೆ ಹೋಗಿ ಹೇಳಿ ಬರುವುದು ಪದ್ಧತಿಯಾಯಿತು.

ನನ್ನನ್ನೂ ಬಿಡಲಿಲ್ಲ. ತಿಂಗಳಿಗೊಂದು ಭಾನುವಾರ ಅಂಗಡಿ ಮುಚ್ಚಿ ನಾನು ಬಸ್ಸಿನಲ್ಲಿ ಹೋಗುತ್ತಿದ್ದೆ. ನನಗಾಗಿ ಅವಳು ಹನುಮವ್ವನ ಮನೆಯಲ್ಲಿ ಒಂದು ಹಳೆಯ ಸೈಕಲ್ಲು ಇಟ್ಟಿದ್ದಳು. ಗುಡ್ಡದ ಹಿಂದಿನ ಬೋಳು ಬಂಡಿದಾರಿಯಿಂದ ಹತ್ತಿ, ಮುಂದಿನ ಆಡಿನ ದಾರಿಯಲ್ಲಿ ಇಳಿಯುವುದು. ಎಲ್ಲವನ್ನೂ ಹೇಗೋ ದಾಟುತ್ತಿದ್ದೆ, ಒಂದು ಜಾಗ ಬಿಟ್ಟು. ಎರಡು ದೊಡ್ಡ ಬಂಡೆಗಳ ಸಂದು, ಅದನ್ನು ದಾಟಿದ ಕೂಡಲೇ ಜಾರುವ ಹಾಸುಬಂಡೆ, ಅದರ ಕೆಳಗೆ ಎಡಕ್ಕೆ ತಿರುವು, ಬಲಕ್ಕೆ ಪ್ರಪಾತ. ಅಕ್ಕ ಅದಕ್ಕೆ ಸೂಜಿ ಕಣ್ಣು ಎಂದು ಹೆಸರಿಟ್ಟಿದ್ದಳು. ಅಲ್ಲಿ ನಾನು ಪ್ರತಿಸಲವೂ ಕಾಲೂರುತ್ತಿದ್ದೆ, ಸೈಕಲ್ಲನ್ನು ಕೈಯಲ್ಲಿ ಹಿಡಿದು ನಡೆದು ದಾಟುತ್ತಿದ್ದೆ.

"ದಿನಾ ನೂರು ಸಲ ಸೂಜಿ ಪೋಣಸ್ತಿ. ಒಂದು ಸಲ ಸೈಕಲ್ ಪೋಣಸಾಕ ಆಗೂದಿಲ್ಲೇನ್ಲೇ ಟೇಲರ್?"

"ದಾರ ಮುರದ್ರ ಇನ್ನೊಂದು ದಾರ ಸಿಗ್ತದ ಯಕ್ಕಾ."

"ಬಾಯಿ ಮಾತ್ರ ಇಳಿಜಾರು ಇದ್ದಂಗ ಓಡ್ತದ ನಿಂದು!"

ನಗುತ್ತಿದ್ದಳು. ಆದರೆ ಅದು ಅವಳಿಗೆ ಬರೀ ನಗೆಯ ವಿಷಯವಾಗಿರಲಿಲ್ಲ. ನಾನು ಓದು ಬಿಟ್ಟಿದ್ದು, ಅಂಗಡಿ ದೊಡ್ಡದು ಮಾಡದೆ ಕುಳಿತಿದ್ದು, ಎಲ್ಲವೂ ಆ ಜಾಗದಲ್ಲಿ ಕಾಲೂರಿದ್ದರಿಂದಲೇ ಎಂಬಂತೆ ನೋಡುತ್ತಿದ್ದಳು. "ಒಂದ ಸಲ ತಮ್ಮಾ, ಕಾಲೂರಲಾರ್ದ ಬಾ. ನಾ ನೋಡಬೇಕು" ಎನ್ನುವಾಗ ಅವಳ ದನಿ ಬೇರೆಯೇ ಆಗುತ್ತಿತ್ತು.

ಮೂವತ್ತೆಂಟನೆಯ ವಯಸ್ಸಿಗೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ರಾಯಚೂರಿನಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್. ಪ್ರತಿಸಲ ನಾಲ್ಕು ಗಂಟೆ, ತೋಳಿನಲ್ಲಿ ಸೂಜಿ, ಅಲುಗಾಡಬಾರದು. ಹತ್ತು ನಿಮಿಷ ಒಂದು ಕಡೆ ಇರದವಳನ್ನು ಹಾಗೆ ಮಲಗಿಸಿದ್ದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಹೊದಿಕೆಯ ಕೆಳಗೆ ಅವಳ ಕಾಲುಗಳು ಪೆಡಲು ತುಳಿಯುತ್ತಲೇ ಇರುತ್ತಿದ್ದವು. ನರ್ಸ್ ಗದರಿದರೆ, "ಕೈಗೆ ಸೂಜಿ ಚುಚ್ಚೀರಿ ಸಿಸ್ಟರ್, ಕಾಲಿಗೆ ಚುಚ್ಚಿಲ್ಲಲ್ರಿ" ಎನ್ನುತ್ತಿದ್ದಳು. ಮಧ್ಯೆ ಮಧ್ಯೆ ನನ್ನತ್ತ ತಿರುಗಿ, "ಗುಡ್ಡಕ್ಕ ಹೋಗಿದ್ದಿಯೇನು?" ಎಂದು ಕೇಳುತ್ತಿದ್ದಳು. ನಾನು ಹೋಗಿರುತ್ತಿರಲಿಲ್ಲ. ಅವಳಿಲ್ಲದೆ ಹೋಗಿ ಏನು ಮಾಡಲಿ?

ಒಂದು ಭಾನುವಾರ ಅವಳು ಹಟ ಹಿಡಿದಳು. ಅವಳ ಪಕ್ಕದ ಮನೆಯ ರಫೀಕ್ ಭಾಯಿಯ ಆಟೋದಲ್ಲಿ ಕೊಳ್ಳದ ತಳದ ಬೇವಿನ ಮರದ ತನಕ ಹೋದೆವು. "ಆಪಾ, ಅರ್ಧಾ ಗಂಟಾ ಅಷ್ಟ. ಡಾಕ್ಟರ್ ಸಾಬ್ರು ನನಗ ಬೈತಾರ" ಎಂದ ರಫೀಕ್. ಅಕ್ಕನ ಮುಖ ಊದಿತ್ತು, ಕಣ್ಣು ಮಾತ್ರ ಗುಡ್ಡದ ಮೇಲೆ ಓಡಾಡುತ್ತಿತ್ತು. "ಹೋಗು. ನಾ ಇಲ್ಲಿಂದ ನೋಡ್ತೀನಿ" ಎಂದಳು.

ಹನುಮವ್ವನ ಮನೆಯಿಂದ ಸೈಕಲ್ಲು ತಂದು ಹೋದೆ. ಸೂಜಿ ಕಣ್ಣಿನ ಹತ್ತಿರ ಬಂದಾಗ ಬೆರಳುಗಳು ತಾವಾಗಿಯೇ ಬ್ರೇಕ್ ಹಿಡಿದವು. ಆ ಜಾಗ ಕೆಳಗಿನವರಿಗೆ ಕಾಣುವುದಿಲ್ಲ, ಬಂಡೆ ಅಡ್ಡ. ಕಾಲೂರಿದೆ, ನಡೆದು ದಾಟಿದೆ, ತಿರುವಿನಲ್ಲಿ ಮತ್ತೆ ಹತ್ತಿ ಜೋರಾಗಿ ಕೆಳಗೆ ಬಂದೆ. ಅಕ್ಕ ಆಟೋದಿಂದ ಅರ್ಧ ಹೊರಗೆ ಬಂದಿದ್ದಳು.

"ದಾಟಿದಿ?"

"ದಾಟಿದೆ."

"ಕಾಲೂರಲಾರ್ದ?"

"ಹೂಂ."

ಅವಳ ಮುಖ ಅರಳಿದ್ದನ್ನು ನಾನು ಹೇಗೆ ಹೇಳಲಿ? ರಫೀಕನ ಬೆನ್ನಿಗೊಂದು ಗುದ್ದಿ, "ನೋಡಿದಿ ರಫೀಕ್? ನಮ್ಮ ತಮ್ಮ!" ಎಂದಳು. ನನ್ನನ್ನು ಹತ್ತಿರ ಎಳೆದುಕೊಂಡಳು. ಆಗ ಅವಳ ಕಣ್ಣು ನನ್ನ ಪ್ಯಾಂಟಿನ ಅಂಚಿಗೆ ಬಿತ್ತು. ಅಲ್ಲಿ ಒಣಹುಲ್ಲಿನ ಮುಳ್ಳುಗಳು ಸಾಲಾಗಿ ಚುಚ್ಚಿಕೊಂಡಿದ್ದವು. ಆ ಹುಲ್ಲು ಸೂಜಿ ಕಣ್ಣಿನ ಸಂದಿನಲ್ಲಿ ಮಾತ್ರ ಬೆಳೆಯುತ್ತದೆ, ನೆಲದಿಂದ ಗೇಣುದ್ದ ಅಷ್ಟೇ. ಪೆಡಲಿನ ಮೇಲೆ ನಿಂತು ಹೋಗುವವರಿಗೆ ತಾಗುವುದಿಲ್ಲ.

ಅವಳು ಒಂದು ಮುಳ್ಳು ಕಿತ್ತು ನೋಡಿ ಕೆಳಗೆ ಹಾಕಿದಳು. ಬೈಯಲಿಲ್ಲ. "ಮತ್ತ ಏರು" ಎಂದಳು.

"ಯಕ್ಕಾ, ನೀ ದಣದಿ. ಮುಂದಿನ ವಾರ ಬರೂಣು."

"ನಾ ದಣದೀನಿ. ನೀ ದಣದಿಲ್ಲಲ್ಲ. ಏರು."

ಬಂಡಿದಾರಿಯಲ್ಲಿ ಸೈಕಲ್ಲು ನೂಕಿಕೊಂಡು ಹೋಗುವಾಗ ನಾಚಿಕೆಗೆ ಬೆವರೂ ಬಿಸಿಯಾಗಿತ್ತು. ನೆತ್ತಿಯಲ್ಲಿ ನಿಲ್ಲಲಿಲ್ಲ. ನಿಂತರೆ ಯೋಚನೆ ಬರುತ್ತದೆ. ಸಂದು ಬಂತು. ಬಲಗಡೆ ಬಂಡೆಯ ಮೂತಿ, ಎಡಗಡೆ ಮಳೆಗೆ ಮಾಸಿದ ಅವಳ ಒಂದು ಬೊಟ್ಟು. ಅದನ್ನೇ ನೋಡಿದೆ. ಹ್ಯಾಂಡಲಿನ ತುದಿ ಕಲ್ಲಿಗೆ ಉಜ್ಜಿತು, ಹಾಸುಬಂಡೆಯ ಮೇಲೆ ಹಿಂದಿನ ಗಾಲಿ ಜಾರಿತು. ತಿರುವು ಮುಗಿದಾಗ ನನ್ನ ಎರಡೂ ಕಾಲು ಪೆಡಲಿನ ಮೇಲೆಯೇ ಇದ್ದವು. ಕೂಗಿದೆ. ಅಕ್ಕಾ, ಅಕ್ಕಾ ಎಂದು ಕೂಗುತ್ತಲೇ ಕೊಳ್ಳ ಇಳಿದೆ.

ಬೇವಿನ ಮರದ ಕೆಳಗೆ ಆಟೋ ಇರಲಿಲ್ಲ. ಹನುಮವ್ವ ನಿಂತಿದ್ದಳು. "ನಿಮ್ಮಕ್ಕಗ ದಮ್ಮು ಹತ್ತಿತಪ್ಪಾ. ನೀ ಬರೂ ತನಕ ಇರ್ತೀನಿ ಅಂದ್ಲು. ಆಟೋದಾಂವ ಕೇಳಲಿಲ್ಲ, ದವಾಖಾನಿಗೆ ಒಯ್ದ."

ಸೈಕಲ್ಲು ಅವಳ ಬಳಿ ಬಿಟ್ಟು ರಸ್ತೆಗೆ ಓಡಿದೆ, ಸಿಕ್ಕ ಬಸ್ಸು ಹತ್ತಿದೆ. ಅವತ್ತು ನಾನೂ ರಾಯಚೂರಿನ ತನಕ ಸೀಟಿನಲ್ಲಿ ಕೂರಲಿಲ್ಲ.

ಆಸ್ಪತ್ರೆಯಲ್ಲಿ ಅವಳ ಮೂಗು ಬಾಯಿ ಮುಚ್ಚಿ ಆಕ್ಸಿಜನ್ ಹಾಕಿದ್ದರು. ಹೊದಿಕೆಯ ಕೆಳಗೆ ಕಾಲು ಅಲುಗುತ್ತಿರಲಿಲ್ಲ. ಕಿವಿಯ ಹತ್ತಿರ ಬಾಗಿ ಹೇಳಿದೆ, "ಯಕ್ಕಾ, ಈ ಸಲ ಕಾಲೂರಲಿಲ್ಲ. ಖರೇನ."

ಕಣ್ಣು ತೆರೆದು ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಹೌದೆಂದು ತಲೆಯಾಡಿಸಲಿಲ್ಲ, ಅಲ್ಲವೆಂದೂ ಆಡಿಸಲಿಲ್ಲ. ಕಣ್ಣು ಮುಚ್ಚಿದ ಮೇಲೆ ಇನ್ನೊಂದು ಸಲ ಹೇಳಿದೆ. ಮೂರನೆಯ ಸಲ ಹೇಳಿದರೆ ಸುಳ್ಳಿನಂತೆ ಕೇಳೀತೆಂದು ಹೆದರಿ ಸುಮ್ಮನಾದೆ. ಮರುದಿನ ಬೆಳಿಗ್ಗೆ ಅವಳು ತೀರಿಕೊಂಡಳು.