ಅಮಾವಾಸ್ಯೆಗೆ ಎರಡು ಇಂಚು ಎತ್ತರ

ನಮ್ಮ ಜೀಪು ಗಾಡಿಯನ್ನು ಎರಡು ಇಂಚು ಎತ್ತರಿಸಿದ್ದು ಅವ್ವನ ಮೊಣಕಾಲು ನೋವಿಗಾಗಿ. ಹೀಗೆಂದರೆ ಎಲುಬಿನ ಡಾಕ್ಟರು ನಗಬಹುದು. ಸಂತೆಕಲ್ಲೂರಿನ ಕಡೆಗಿರುವ ನಮ್ಮ ಹೊಲದ ದಾರಿ ನೋಡಿದವರು ನಗುವುದಿಲ್ಲ. ನಾವಿರುವ ಮಸ್ಕಿಯಿಂದ ಅಲ್ಲಿಯವರೆಗೆ ಡಾಂಬರೇನೋ ಇದೆ. ಡಾಂಬರು ಬಿಟ್ಟು ಹೊಲಕ್ಕೆ ತಿರುಗಿದ ಮೇಲೆ ಒಂದು ಹಳ್ಳ, ಹಳ್ಳದ ನಡುವೆ ಒಂದು ಕಲ್ಲು. ಈ ಕಲ್ಲನ್ನು ಕೀಳಿಸಬೇಕು ಎಂದು ಅಪ್ಪ ಪ್ರತಿ ವರ್ಷ ಹೇಳುತ್ತಿದ್ದ. ಅಪ್ಪ ಹೋಗಿ ಐದು ವರ್ಷವಾಯಿತು. ಕಲ್ಲು ಆರೋಗ್ಯವಾಗಿದೆ.

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಊರೆಲ್ಲ ಹೊಲಕ್ಕೆ ಹೋಗುತ್ತದೆ. ಕಡುಬು, ಸಜ್ಜೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಹೋಗಿ, ಮೊದಲು ಭೂಮಿಗೆ ಉಣ್ಣಿಸಿ ಆಮೇಲೆ ತಾವು ಉಣ್ಣುವುದು. ಬೆಳೆಯ ನಡುವೆ ಅಡುಗೆ ಚೆಲ್ಲುತ್ತ ನಡೆಯುವುದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಎರಡು ವರ್ಷದ ಹಿಂದೆ ಅವ್ವನನ್ನು ಕೂರಿಸಿಕೊಂಡು ಹೊರಟ ನಮ್ಮ ಗಾಡಿಯ ಹೊಟ್ಟೆಗೆ ಆ ಕಲ್ಲು ಬಡಿದು, ಎಂಜಿನ್ ಆಯಿಲ್ಲೆಲ್ಲ ಹಳ್ಳದ ಪಾಲಾಯಿತು. ಆ ವರ್ಷ ಚರಗ ಸಿಕ್ಕಿದ್ದು ಹಳ್ಳದ ಮೀನಿಗೆ. ಮರುವರ್ಷ ಅವ್ವನ ಮೊಣಕಾಲು ಕೈಕೊಟ್ಟು, ಹಳ್ಳದಿಂದ ಹೊಲಕ್ಕೆ ನಡೆಯುವುದೂ ಆಗಲಿಲ್ಲ.

ಈ ಸಲ ಕಾರ್ತಿಕ ಮುಗಿಯುತ್ತಲೇ ಆಕೆ ಶುರುಮಾಡಿದಳು. "ಎರಡು ವರ್ಷಾತು. ಈ ಸಾರಿನೂ ಹೋಗಲಿಲ್ಲಂದ್ರ ಆ ಹೊಲ ನನ್ನ ಗುರ್ತ ಮರೀತದ."

"ಟ್ರ್ಯಾಕ್ಟರ್ ಕಳಿಸ್ತೀನಿ ಬೇ. ಟ್ರೇಲರಿನ್ಯಾಗ ಗಾದಿ ಹಾಸಿ ಕೂಡಸ್ತೀನಿ."

"ನಿನ್ನೆ ತಿಪ್ಪಿಗೊಬ್ಬರ ಹೇರಿದ್ದರಾಗ ಇವತ್ತು ನನ್ನ ಹೇರ್ತೀಯೇನು?"

ನಮ್ಮ ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಮೊಬೈಲಿನಲ್ಲಿ ವಿಡಿಯೋ ನೋಡುವ ಚಟ ನನಗೆ. ಅದರಲ್ಲಿ ಒಬ್ಬ ತನ್ನ ಮನೆಯಂಗಳದಲ್ಲೇ ಗಾಡಿಯನ್ನು ಎತ್ತರಿಸಿದ. ಮುಂದಿನ ಸ್ಪ್ರಿಂಗಿನ ಮೇಲೆ ಒಂದೊಂದು ದಪ್ಪ ಬಿಲ್ಲೆ, ಹಿಂದಕ್ಕೆ ಉದ್ದನೆಯ ಸ್ಪ್ರಿಂಗು, ಅದಕ್ಕೆ ತಕ್ಕ ಶಾಕ್ ಅಬ್ಸಾರ್ಬರು. ವಿಡಿಯೋದ ಹಿನ್ನೆಲೆಯ ಹಾಡು ಮುಗಿಯುವುದರೊಳಗೆ ಕೆಲಸವೂ ಮುಗಿದಿತ್ತು. ಅಂಥದೇ ಕಿಟ್ ತರಿಸಿದೆ. ಸಿಂಧನೂರಿಗೆ ಪಾರ್ಸಲ್ ಬಂತು.

"ಮಾಳಗಿ ಸೋರಾಕತ್ತಿ ಒಂದು ಮಳಿಗಾಲ ಕಳೀತು, ಅದನ್ನ ಬಿಟ್ಟು ಗಾಡಿ ಎತ್ತರ ಮಾಡಾಕ ಹೊಂಟೀರಿ," ಎಂದಳು ಹೆಂಡತಿ. ನಾನು ಗಾಡಿಯ ಕೀಲಿ ಎತ್ತಿಕೊಂಡೆ. ಸಿಂಧನೂರಿಗೆ ಹೊರಟುಬಿಟ್ಟೆ.

ಬರುವಾಗ ಬಳಗಾನೂರಿನ ಅಕ್ಕನ ಮನೆಗೆ ಹೋದೆ. ವರ್ಷಕ್ಕಾಗುವಷ್ಟು ಅಕ್ಕಿ ಕೊಡುತ್ತಾಳೆ ಆಕೆ. ಹತ್ತು ಚೀಲ ಹೇರಿದ ಮೇಲೆ ಗಾಡಿ ಬಸುರಿ ಎಮ್ಮೆಯ ಹಾಗೆ ಹಿಂಭಾಗ ಇಳಿಬಿಟ್ಟುಕೊಂಡು ಮಸ್ಕಿಗೆ ಬಂತು.

ಕೆಲಸ ಮಾಡಬೇಕಾದವನು ಪಕ್ಕದ ಮನೆಯ ಚಾಚಾ. ಸಿಂಧನೂರಿನ ಗ್ಯಾರೇಜಿನಲ್ಲಿ ಬಾಳೆಲ್ಲ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿ, ಈಗ ಮನೆಯಲ್ಲಿ ಕೂತು ಕೆಟ್ಟಿರದ ಫ್ಯಾನುಗಳನ್ನೂ ಬಿಚ್ಚುತ್ತಾನೆ. ಬೀದಿಯ ಬಿಸಿಲು ತನಗೆ ಆಗದು, ನಿಮ್ಮ ಅಂಗಳದ ನೆರಳಲ್ಲೇ ಮಾಡೋಣ ಎಂದ. ನಮ್ಮದು ಅಜ್ಜ ಕಟ್ಟಿಸಿದ ಮನೆ. ಎತ್ತಿನ ಗಾಡಿ ಒಳಗೆ ಬರಲೆಂದು ಮುಂದೆ ಅಗಲವಾದ ಕಲ್ಲಿನ ಬಾಗಿಲು, ಅದನ್ನು ದಾಟಿದರೆ ಹಾಸುಗಲ್ಲಿನ ಅಂಗಳ. ಅಜ್ಜ ಅಗಲಕ್ಕೆ ಕೊಟ್ಟ ಲಕ್ಷ್ಯವನ್ನು ಎತ್ತರಕ್ಕೆ ಕೊಟ್ಟಿರಲಿಲ್ಲ.

ಚಾಚಾ ಅಜಾಗರೂಕ ಮನುಷ್ಯನಲ್ಲ. ಗಾಡಿ ಬಾಗಿಲಲ್ಲಿ ಬಂದಾಗ ನಿಲ್ಲಿಸಲು ಹೇಳಿ, ಪಕ್ಕದ ಕಟ್ಟೆಯ ಮೇಲೆ ಹತ್ತಿ, ಗಾಡಿಯ ನೆತ್ತಿಗೂ ಬಾಗಿಲ ಮೇಲಿನ ಅಡ್ಡ ತೊಲೆಗಲ್ಲಿಗೂ ನಡುವೆ ಕೈ ತೂರಿಸಿ ನೋಡಿದ.

"ನಾಕು ಬೆರಳು ಐತಿ. ನಿಂದು ಎಷ್ಟು ಏರ್ತೈತಿ?"

"ಎರಡು ಇಂಚು ಚಾಚಾ."

"ಅಂದ್ರ ಮೂರು ಬೆರಳು ಹಿಡಿ. ಇನ್ನೊಂದು ಬೆರಳು ಉಳೀತಲ್ಲ. ನಡಿ ಒಳಗ."

ಒಳಗೆ ಬಂದ ಮೇಲೆ ಅಕ್ಕಿ ಇಳಿಸಿ ಕೋಣೆಯಲ್ಲಿ ಒಟ್ಟಿದೆವು. ಹತ್ತು ಚೀಲ ಇಳಿಯುವಾಗ ಗಾಡಿಯ ಹಿಂಭಾಗ ನಿಧಾನಕ್ಕೆ ಮೇಲೇಳುತ್ತಿದ್ದುದನ್ನು ನಮ್ಮಲ್ಲಿ ಒಬ್ಬರಾದರೂ ಕಣ್ಣಾರೆ ನೋಡಿರಬೇಕು. ನೋಡಿದವರು ಇವತ್ತಿಗೂ ಒಪ್ಪಿಕೊಂಡಿಲ್ಲ.

ಹಾಡು ಮುಗಿಯುವುದರೊಳಗೆ ಆಗುವ ಕೆಲಸ ನಮಗೆ ಎರಡು ದಿನ ಹಿಡಿಯಿತು. ಜಾಕು ಹಚ್ಚಿ ಎತ್ತಿ, ಕೆಳಗೆ ಬೇವಿನ ಕೊರಡು ಇಟ್ಟೆವು. ಹಿಂದಿನ ಒಂದು ಬೋಲ್ಟು ತುಕ್ಕು ಹಿಡಿದು ಕೂತಿತ್ತು. ಚಾಚಾ ಅದಕ್ಕೆ ಸೀಮೆಎಣ್ಣೆ ಕುಡಿಸಿದ, ಬೋಲ್ಟು ತಿರುಗಿಸುವ ಪಾನಾಕ್ಕೆ ಉದ್ದನೆಯ ಪೈಪು ತೂರಿಸಿ ಇಬ್ಬರೂ ಜೋತುಬಿದ್ದೆವು, ಕೊನೆಗೆ ಅವನು ಅಂಗಾತ ಮಲಗಿ ಅದರೊಂದಿಗೆ ಮಾತಿಗಿಳಿದ.

"ಲೇ, ನಿಮ್ಮ ಅಪ್ಪನ್ನ ಬಿಚ್ಚೀನಿ, ನಿಮ್ಮ ಅಜ್ಜನ್ನ ಬಿಚ್ಚೀನಿ. ನೀ ಯಾವೂರಾಂವ?"

ಕಿಟ್ಟಿನ ಜೊತೆ ಬಂದ ಪುಸ್ತಕವನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. ಅದು ಅವನಿಗೆ ಸೇರಲಿಲ್ಲ. "ಆ ಕಾಗದಾನ ಗಾಡಿ ಓದೈತೇನು? ಓದಿಲ್ಲಲ್ಲ. ಹಂಗಾದ್ರ ಸುಮ್ನಿರು, ಬೆಳಕು ಹಿಡಿ." ಬೆಳಕು ಹಿಡಿದೆ. ಅವನು ಚಹಾ ಕುಡಿಯಲು ಹೋದಾಗ ಒಂದು ಬಿಲ್ಲೆಯನ್ನು ನಾನೇ ಕೂರಿಸಿದೆ. ಅವನು ಬಂದು ನೋಡಿ, ತೆಗೆದು, ತಿರುಗಿಸಿ ಕೂರಿಸಿದ. ಬೈದಿದ್ದರೆ ಒಳ್ಳೆಯದಿತ್ತು. ನಾನು ರಬ್ಬರಿನ ಬುಷ್ಷಿಗೆ ಹಾಕುವ ಬೋಲ್ಟುಗಳನ್ನು ಬಿಗಿಯಲು ಹೋದಾಗ ಮಾತ್ರ ಕೈ ಹಿಡಿದ. "ಠೈರ್ ಬೇಟಾ. ಗಾಡಿ ನೆಲಕ್ಕ ಕಾಲೂರಿದ ಮ್ಯಾಲ ಅದನ್ನ ಬಿಗೀಬೇಕು. ಗಾಳ್ಯಾಗ ತೂಗಬಿದ್ದಾಗ ಬಿಗದ್ರ ರಬ್ಬರು ಹರಿಯೂತನಕ ತಿರುಚಿಗೊಂಡ ಇರ್ತೈತಿ." ಆ ಮಾತು ಪುಸ್ತಕದಲ್ಲೂ ಇತ್ತು, ನಾನಿನ್ನೂ ಆ ಪುಟಕ್ಕೆ ಬಂದಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ಸಂಜೆ ಗಾಡಿ ನೆಲಕ್ಕಿಳಿಯಿತು. ಹೊಸ ಅಳಿಯನ ಹಾಗೆ ಎದೆಯುಬ್ಬಿಸಿ ನಿಂತಿತ್ತು. ಅವ್ವ ಅದರ ಸುತ್ತ ಒಂದು ಸುತ್ತು ಬಂದಳು. "ಭಾಳ ಚೊಲೊ ಆತು ತಮ್ಮಾ," ಎಂದು ಚಾಚಾನಿಗೆ ಹೇಳಿ, ನನ್ನ ಕಡೆ ತಿರುಗಿ, "ಹತ್ತೂದು ಹೆಂಗೋ?" ಎಂದಳು. ಅದನ್ನು ಯಾರೂ ಯೋಚಿಸಿರಲಿಲ್ಲ.

ಬೆಳಿಗ್ಗೆ ಒಂದು ಮಣೆ, ಅದರ ಮೇಲೆ ಸ್ಟೂಲು, ಹಿಂದಿನಿಂದ ಹೆಂಡತಿ, ಮುಂದಿನಿಂದ ನಾನು. ಹೀಗೆ ಅವ್ವನನ್ನು ಮುಂದಿನ ಸೀಟಿಗೆ ಏರಿಸಿದೆವು. "ಮದುವ್ಯಾಗೂ ನನ್ನ ಯಾರೂ ಹಿಂಗ ಎತ್ತಿದ್ದಿಲ್ಲ. ಇನ್ನ ನಾ ಇಳಿಯೂದು ಹೊಲದಾಗನ," ಎಂದು ಸೆರಗು ಸರಿಮಾಡಿಕೊಂಡು ಕೂತಳು. ಅಡುಗೆ ಬುಟ್ಟಿ ಆಕೆಯ ಕಾಲ ಹತ್ತಿರ. ಚಾಚಾ ತನ್ನ ಕೆಲಸದ ಪರೀಕ್ಷೆಗೆಂದು ತಾನೂ ಹೊರಟಿದ್ದ. ನಾನು ಗಾಡಿಯನ್ನು ಹಿಂದಕ್ಕೆ ಬಿಟ್ಟೆ. ಬಾಗಿಲ ಬಳಿ ಮೇಲಿನಿಂದ ಕರ್‌ರ್ ಎಂದು ಸದ್ದು.

ಚಾಚಾ ಕಟ್ಟೆ ಹತ್ತಿ ನೋಡಿದ. ಈ ಸಲ ಕೈ ತೂರಿಸಲು ಸಂದೇ ಇರಲಿಲ್ಲ. ಗಡ್ಡ ನೀವಿಕೊಂಡು ಹೇಳಿದ: "ಅವತ್ತು ಅಳತಿ ಮಾಡಿದಾಗ ಗಾಡಿ ಹೊಟ್ಟ್ಯಾಗ ಅಕ್ಕಿ ಇತ್ತಲ್ಲ."

"ಮತ್ತ ಅಕ್ಕಿ ಹೇರೂಣು," ಎಂದು ಇಳಿದೆ ನಾನು.

"ಅಮಾಸಿ ದಿನ ಮನ್ಯಾಗಿನ ಕಾಳು ಹೊಸ್ತಿಲಾ ದಾಟಬಾರ್ದು," ಎಂದಳು ಅವ್ವ ಗಾಡಿಯೊಳಗಿಂದಲೇ.

"ಬಾಗಿಲಾ ದಾಟಿಸಿ ತಿರುಗಿ ಒಳಗ ತರ್ತೀವಿ ಬೇ."

"ಲಕ್ಷ್ಮಿಗೆ ಒಂದ ಸುತ್ತು ಹೋಗಿ ಬಾ ಅಂತೀಯೇನು? ಆಕಿ ಹೋದ್ರ ಹೋದ್ಲು."

"ಬುಟ್ಟ್ಯಾಗ ಇರೂದೂ ಕಾಳಾ ಅಲ್ಲೇನು?"

"ಅದು ಅಡಗಿ."

ಇಂಥ ಕಾನೂನಿಗೆ ಮೇಲ್ಮನವಿ ಇಲ್ಲ. ಗಾಲಿಯ ಗಾಳಿ ಬಿಡೋಣವೆಂದರೆ, ಮತ್ತೆ ತುಂಬುವ ಅಂಗಡಿಯವನೂ ತನ್ನ ಹೊಲಕ್ಕೆ ಹೋಗಿದ್ದ. ಬಿಸಿಲೇರುತ್ತಿತ್ತು. ಅವ್ವ ಇಳಿಯಲೊಲ್ಲಳು, ಗಾಜಿನಾಚೆ ಗೋಡೆಯನ್ನೇ ನೋಡತೊಡಗಿದಳು.

ಆಗ ಹೆಂಡತಿ ಬೀದಿಗೆ ಹೋಗಿ ನೋಡಿ ಬಂದಳು. ಮೂಲೆಯಲ್ಲಿ ಸಂತೆಕಲ್ಲೂರಿನ ಆಟೋಕ್ಕೆ ಕಾಯುತ್ತ ಜನ ಬುಟ್ಟಿ ಹಿಡಿದು ನಿಂತಿದ್ದಾರಂತೆ. "ಅಕ್ಕಿ ಬ್ಯಾಡಂದ್ರ ಅಕ್ಕಿ ಉಂಡವ್ರನ್ನ ಹೇರ್ರಿ," ಎಂದಳು.

ಕರೆಯಲು ನಾನೇ ಹೋದೆ. ತೂಕ ನೋಡಿ ಕರೆದೆ ಎಂದು ಆಮೇಲೆ ದೂರು ಬಂತು; ಅದು ನಿಜ. ನಮ್ಮ ಓಣಿಯ ದಢೂತಿ ಗಿರಣಿಯವನನ್ನು ಮೊದಲು ಕರೆದೆ. ಅವನ ಹೆಂಡತಿ, ಆಕೆಯ ತಂಗಿ, ಹೀಗೆ ಒಂಬತ್ತು ಜನ ಬಂದು ಹಿಂದೆ ತುಂಬಿಕೊಂಡರು. ಒಬ್ಬೊಬ್ಬರು ಹತ್ತಿದಾಗಲೂ ಚಾಚಾ ಕಟ್ಟೆಯ ಮೇಲಿಂದ ಸಂದು ನೋಡಿ ಕೂಗುತ್ತಿದ್ದ: "ಇನ್ನೊಬ್ರು ಬೇಕು. ಹೊಟ್ಟಿ ತುಂಬ ಉಂಡವ್ರು ಬರ್ರಿ." ಗಿರಣಿಯವನು ಕಡೆಯ ಮೂಲೆಗೆ ಸರಿದು ಕೂತಾಗ ಗಾಡಿ ನಿಟ್ಟುಸಿರು ಬಿಟ್ಟು ಕುಸಿಯಿತು, ತೊಲೆಗಲ್ಲಿನ ಕೆಳಗೆ ನುಸುಳಿ ಬೀದಿಗೆ ಬಂತು.

"ಭಾಳ ಉಪಕಾರಾತ್ರಿ, ಇಳೀರಿ," ಎಂದೆ.

"ಇಳಿಯೂದ್ಯಾಕ್ರಿ? ನಾವೂ ಅದ ಕಡೀಗೆ ಹೊಂಟೀವಿ," ಎಂದ ಗಿರಣಿಯವನು. ಯಾರೂ ಅಲುಗಲಿಲ್ಲ.

ಹೆಂಡತಿ, ಚಾಚಾ ಹೇಗೋ ಅವರ ನಡುವೆ ತೂರಿಕೊಂಡರು. ಹಳ್ಳಕ್ಕೆ ಬಂದೆವು. ಕಲ್ಲು ಅಲ್ಲೇ ಇತ್ತು. ಇಳಿಜಾರಿನಲ್ಲಿ ನಿಲ್ಲಿಸಿದೆ. ಚಾಚಾ ಇಳಿದು, ಬಗ್ಗಿ ಗಾಡಿಯ ಕೆಳಗೆ ನೋಡಿ, ಎದ್ದು ನಿಂತ.

"ಎರಡು ದಿನ ನಾವು ಏರಿಸಿದ್ದನ್ನ ಇವ್ರು ಎರಡು ನಿಮಿಷದಾಗ ಇಳಿಸ್ಯಾರ. ಮೊದಲಿನಕಿಂತ ಕೆಳಗ ಐತಿ."

ಎಲ್ಲರನ್ನೂ ಇಳಿಸಿದೆ. ಬುಟ್ಟಿ ತಲೆಯ ಮೇಲಿಟ್ಟುಕೊಂಡು, ಧೋತರ ಸೀರೆ ಎತ್ತಿಕೊಂಡು, ನನ್ನ ಗಾಡಿಗೆ ಆಶೀರ್ವಾದವಲ್ಲದ ಮಾತುಗಳನ್ನು ಆಡುತ್ತ ಅವರು ನೀರಿಗಿಳಿದರು. ಅವ್ವನಿಗೆ ಇಳಿಯೆಂದು ಯಾರೂ ಹೇಳಲಿಲ್ಲ. ಆಕೆ ಮುಂದಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದಿದ್ದಳು.

"ಬಡೀತದೇನೋ?"

"ಗೊತ್ತಿಲ್ಲ ಬೇ."

"ಬಡದ್ರ ಬಡೀಲಿ. ತಿರುಗಿ ಮನೀಗಂತೂ ಹೋಗಬ್ಯಾಡ."

ಮುಂದಿನ ಗಾಲಿ ನೀರಿಗಿಳಿಯಿತು. ಚಾಚಾ ಮೊಣಕಾಲುದ್ದ ನೀರಲ್ಲಿ ಕಲ್ಲಿನ ಪಕ್ಕ ಬಗ್ಗಿ ನಿಂತು, ಬಾ, ಬಾ ಎಂದು ಕೈ ಬೀಸುತ್ತಿದ್ದ. ನಾನು ಕಿವಿಯನ್ನು ಕಾಲಡಿಗೆ ಇಟ್ಟಿದ್ದೆ. ನೀರಿನ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಆಚೆ ದಡ ಹತ್ತಿದ ಮೇಲೆ ಅವ್ವ ಹಿಡಿಕೆ ಬಿಟ್ಟಳು.

ಹೊಲ ಬಂತು. ಜೋಳ ತೆನೆಗೆ ಬಂದು ನಿಂತಿತ್ತು. ಈಗ ಆಕೆಯನ್ನು ಇಳಿಸುವ ಪ್ರಶ್ನೆ. ಮಣೆ, ಸ್ಟೂಲು ಎರಡೂ ಮಸ್ಕಿಯ ಅಂಗಳದಲ್ಲೇ ಉಳಿದಿದ್ದವು. ಹೆಂಡತಿ ನನ್ನನ್ನು ನೋಡಿದಳು, ನಾನು ಚಾಚಾನನ್ನು ನೋಡಿದೆ. ಅವನು ಹೊಲದ ಒಡ್ಡನ್ನು ನೋಡುತ್ತಿದ್ದ. ಮಳೆನೀರು ನಿಲ್ಲಲೆಂದು ಹಾಕಿಸಿದ ಮಣ್ಣಿನ ದಿಬ್ಬ, ಗಾಡಿಯ ತಳದಷ್ಟು ಎತ್ತರ. "ಅದಕ್ಕ ಹಚ್ಚಿ ನಿಲ್ಸು," ಎಂದ.

ಹಚ್ಚಿ ನಿಲ್ಲಿಸಿದೆ. ಅವ್ವ ಬಾಗಿಲು ತೆಗೆದು ಕಾಲು ಚಾಚಿದಳು. ಅವಳ ಪಾದ ನೇರ ಒಡ್ಡಿನ ಮೇಲೆ ಬಂತು. ಮೊಣಕಾಲು ಮಡಿಸುವ ಕೆಲಸವೇ ಬೀಳಲಿಲ್ಲ. ಎದ್ದು ನಿಂತು ಬುಟ್ಟಿಗೆ ಕೈ ಚಾಚಿದಳು. ಒಂದು ಕೈಯಲ್ಲಿ ಹೆಂಡತಿಯ ಭುಜ ಹಿಡಿದು, ಇನ್ನೊಂದರಲ್ಲಿ ಕಡುಬು ರೊಟ್ಟಿ ಪಲ್ಯದ ಮುದ್ದೆ ಎಡಬಲ ಎರಚುತ್ತ, ಒಡ್ಡಿನ ತುದಿಯವರೆಗೆ ನಡೆದಳು. ಏನೋ ಮಾತಾಡುತ್ತಿದ್ದಳು. ದೇವರ ಜೊತೆಯೋ, ಅಪ್ಪನ ಜೊತೆಯೋ, ಜೋಳದ ಜೊತೆಯೋ. ನಾನು ಕೇಳಿಸಿಕೊಳ್ಳಲು ಹೋಗಲಿಲ್ಲ.

ಗಿರಣಿಯವನ ಮನೆಯವರು ತಮ್ಮ ಹೊಲಕ್ಕೆ ಹೋಗುವ ಮೊದಲು ನಮ್ಮಲ್ಲೇ ಒಂದು ಪಂಕ್ತಿ ಉಂಡರು. ತೂಕಕ್ಕೆ ಕರೆದ ಮೇಲೆ ಅದನ್ನು ಕಾಯುವುದೂ ನಮ್ಮ ಹೊಣೆ ತಾನೆ. ಅವ್ವ ಒಡ್ಡಿನ ಮೇಲೇ ಕಾಲು ಇಳಿಬಿಟ್ಟು ಕೂತು ರೊಟ್ಟಿ ಮುರಿಯುತ್ತಿದ್ದಳು. ಕಾಲಿಗೆಲ್ಲ ಎರೆಮಣ್ಣು ಮೆತ್ತಿತ್ತು. ಒರೆಸಲು ಹೋದ ಸೊಸೆಯನ್ನು ಇರಲಿ ಬಿಡು ಎಂದು ತಡೆದಳು. ಗಾಡಿಯನ್ನು, ಒಡ್ಡನ್ನು ನೋಡಿ ಹೇಳಿದಳು:

"ಗಾಡಿ ಎತ್ತರ ಮಾಡಿದ್ದು ಚೊಲೊನ ಆತು. ಇನ್ನ ಮನೀ ಮುಂದನೂ ಒಂದು ಒಡ್ಡ ಹಾಕಸು."