ಬೀರುವಿನ ಮೇಲಿನ ರೆಫರಿ

ಬಾಕ್ಸಿಂಗ್ ರಿಂಗಿನಲ್ಲಿ ಒಮ್ಮೆಯೂ ಬೆನ್ನು ನೆಲಕ್ಕೆ ತಾಗಿಸದ ಮನುಷ್ಯ ತನ್ನ ಮನೆಯ ಹಜಾರದಲ್ಲಿ ಅಂಗಾತ ಬಿದ್ದಿದ್ದ. ಕಾಲಿಗೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಸುತ್ತಿಕೊಂಡಿತ್ತು, ತಲೆಗೆ ಬೆಕ್ಕು ಸುತ್ತಿಕೊಂಡಿತ್ತು, ಪೈಜಾಮ ಇರಬೇಕಾದ ಜಾಗಕ್ಕಿಂತ ಒಂದು ಗೇಣು ಕೆಳಗಿತ್ತು. ಮಗಳನ್ನು ತರಬೇತಿಗೆ ಸೇರಿಸಲು ಬಂದ ತಾಯಿಯೊಬ್ಬರು ಬಾಗಿಲಲ್ಲಿ ಮಗಳ ಕಣ್ಣು ಮುಚ್ಚಿ, ತಮ್ಮ ಕಣ್ಣು ಮುಚ್ಚಿಕೊಳ್ಳಲು ಮರೆತು ನಿಂತಿದ್ದರು.

“ಕೋಚ್ ಇದಾರಾ?” ಎಂದರು ಆಕೆ.

“ಇಲ್ಲ, ಆಮೇಲೆ ಬನ್ನಿ,” ಎಂದ ನೆಲದ ಮೇಲಿದ್ದ ಕೋಚ್.

ಅವನ ನೆಲವೇ ನನ್ನ ಮನೆಯ ಸೂರು. ಹಾಗಾಗಿ ಮೇಲೆ ಬಿದ್ದದ್ದೆಲ್ಲ ಮೊದಲು ಗೊತ್ತಾಗುವುದು ನನಗೆ. ಧಡ್ ಎಂಬ ಸದ್ದಿಗೆ ಓಡಿ ಹೋದವನು ಬೆಕ್ಕನ್ನು ಬಿಡಿಸಲೋ ಪೈಜಾಮ ಏರಿಸಲೋ ತಿಳಿಯದೆ, ಮೊದಲು ಬಾಗಿಲು ಹಾಕಿದೆ.

ಅವನನ್ನು ಬೀದಿಯೆಲ್ಲ ಕರೆಯುವುದು ಗುದ್ದಪ್ಪ ಎಂದು. ಅವನ ಮೂಗನ್ನು ಚಪ್ಪಟೆ ಮಾಡಿದವರು ಹಲವರು, ಅವನ ಕೈಯಲ್ಲಿ ದವಡೆ ಮುರಿಸಿಕೊಂಡವರು ಇನ್ನೂ ಹಲವರು. ಒಬ್ಬನ ಪಕ್ಕೆಲುಬಿಗೆ ಅವನು ಕೊಟ್ಟ ಏಟಿಗೆ ಆತ ರಕ್ತ ಕಾರಿಕೊಂಡು ಹಗ್ಗದ ಮೇಲೆ ಒದ್ದೆ ಬಟ್ಟೆಯಂತೆ ಜೋತುಬಿದ್ದನಂತೆ. ಈಗ ಹಳೆಯ ಲಾರಿ ಶೆಡ್ಡಿನಲ್ಲಿ ಮಕ್ಕಳಿಗೆ ಹೊಡೆಯುವುದನ್ನು ಕಲಿಸುತ್ತಾನೆ. ಎದುರಾಳಿಗಳನ್ನು ಧೂಳೀಪಟ ಮಾಡಿದವನು ಮನೆಯಲ್ಲಿ ದಿನಾ ಬೆಳಿಗ್ಗೆ ಧೂಳು ಹೀರುತ್ತಾನೆ. ಜೊತೆಯಲ್ಲಿರುವ ಅವನ ಅಕ್ಕನಿಗೆ ಉಬ್ಬಸ. ಪೊರಕೆ ಆಡಿಸಿದರೆ ಸಾಕು, ಅವರ ಎದೆ ಸೀಟಿ ಹೊಡೆಯುತ್ತದೆ. ಆದ್ದರಿಂದ ಯಂತ್ರ ಬಿಡುವ ಹಾಗಿಲ್ಲ.

ಬೆಕ್ಕಿನ ಹೆಸರು ರೆಫರಿ. ಕಪ್ಪು ಬಿಳಿ ಪಟ್ಟೆಯ ಗಂಡು. ಶೆಡ್ಡಿನ ಹಿಂದೆ ಬೀದಿನಾಯಿಗಳು ಅದರ ಒಂದು ಕಿವಿಯನ್ನು ಹರಿದು ನುಂಗಿದ್ದವು. ಅದೂ ಒಂದು ನಾಯಿಯ ಮೂಗನ್ನು ಎರಡು ಸೀಳು ಮಾಡಿ ಬಂದಿತ್ತು. ಗುದ್ದಪ್ಪ ಅಂಗಿಯಲ್ಲಿ ಸುತ್ತಿ ಮನೆಗೆ ತಂದ. ಆಮೇಲೂ ಸಂಜೆ ಅವನ ಜೊತೆ ಶೆಡ್ಡಿಗೆ ಹೋಗಿ ರಿಂಗಿನ ಪಕ್ಕದಲ್ಲೇ ಕೂರುತ್ತಿತ್ತು. ಹುಡುಗರ ತುಟಿ ಒಡೆದು ರಕ್ತ ಪಕ್ಕದಲ್ಲೇ ತೊಟ್ಟಿಕ್ಕಿದರೂ ಕಣ್ಣು ಮಿಟುಕಿಸುತ್ತಿರಲಿಲ್ಲ. ಅಂಥದ್ದು, ವ್ಯಾಕ್ಯೂಮ್ ಗುರ್ರ್ ಎಂದರೆ ಸಾಕು, ಸಿಕ್ಕಿದ್ದರ ಮೇಲೆ ಹಾರಿ ಚರ್ಮ ಸುಲಿಯುತ್ತಿತ್ತು.

“ಹೆದರಿಕೆ ಕಣಯ್ಯಾ,” ಎಂದ ಗುದ್ದಪ್ಪ, ನೆತ್ತಿಗೆ ಐಸ್ ಒತ್ತಿಕೊಂಡು. “ಎದುರು ನಿಲ್ಸಿದ್ರೆ ಹೋಗತ್ತೆ. ನನ್ನ ಹುಡುಗರಿಗೆಲ್ಲ ಹಂಗೇ ಬಿಡ್ಸಿದ್ದು.”

“ನಿನ್ನ ಹುಡುಗರಿಗೆ ಉಗುರು ಕತ್ತರಿಸಿರ್ತಾರೆ,” ಎಂದೆ.

ಅವನ ಕಸುಬಿನಲ್ಲಿ ಒಂದು ವಿದ್ಯೆಯಿದೆ. ಎದುರಾಳಿಯ ಹಿಂದೆ ಓಡಬಾರದು, ಅವನು ಓಡಬೇಕೆಂದ ಕಡೆ ಮೊದಲೇ ಹೋಗಿ ನಿಲ್ಲಬೇಕು. ಎಡ ಕಟ್ಟು, ಬಲ ಕಟ್ಟು, ಮೂಲೆಗೆ ತಳ್ಳು. ಮುಂದಿನ ಭಾನುವಾರ ಗುದ್ದಪ್ಪ ತನ್ನ ಕೋಣೆಯಲ್ಲಿ ಬೆಕ್ಕಿನ ಮೇಲೆ ಈ ವಿದ್ಯೆಯನ್ನೇ ಪ್ರಯೋಗಿಸಿದ. ಕಿಟಕಿ ಮುಚ್ಚಿದ. ಮಂಚದ ಕೆಳಗೆ ಟ್ರಂಕು ತುರುಕಿದ. ಬೀರುವಿನ ಮೇಲೆ ಅವನು ಗೆದ್ದ ಕಪ್ಪುಗಳು ಮೊದಲೇ ಒತ್ತೊತ್ತಾಗಿ ನಿಂತಿದ್ದವು, ಅಲ್ಲಿ ಇರುವೆಗೂ ಜಾಗವಿರಲಿಲ್ಲ. ಬಾಗಿಲು ಹಾಕಿ, ಯಂತ್ರದ ಮೂತಿಯನ್ನು ಬೆಕ್ಕಿನತ್ತ ತಿರುಗಿಸಿ, ಸ್ವಿಚ್ ಒತ್ತಿದ.

ನನ್ನ ಸೂರಿನಿಂದ ಸುಣ್ಣ ಉದುರಿತು. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಪರದೆ ಚಿಂದಿಯಾಗಿತ್ತು, ಕಪ್ಪುಗಳು ಒಂದೊಂದಾಗಿ ಗುದ್ದಪ್ಪನ ತಲೆಗೇ ಬಹುಮಾನವಾಗಿ ಬೀಳುತ್ತಿದ್ದವು. ಗದ್ದಲ ಕೇಳಿ ಅಕ್ಕ ಬಾಗಿಲು ತೆರೆದರು. ಆ ಕೋಣೆಗೆ ತೆರೆದ ಮೊದಲ ದಾರಿ ಅದು, ಆ ದಾರಿಯಲ್ಲಿ ಅಕ್ಕ ನಿಂತಿದ್ದರು. ರೆಫರಿ ಅವರ ತೋಳನ್ನೇ ಮೆಟ್ಟಿಲು ಮಾಡಿಕೊಂಡಿತು. ತಡೆಯಲು ಹೋದ ಮಣಿಕಟ್ಟಿಗೆ ಮೂಳೆ ಮುಟ್ಟುವಂತೆ ಕಚ್ಚಿತು. ರಕ್ತ ಗೋಡೆಗೆ ಚಿಮ್ಮಿತು.

ಗುದ್ದಪ್ಪ ಯಂತ್ರವನ್ನು ಒದ್ದ. ಬೆಕ್ಕು ಮತ್ತೆ ಒಳಗೋಡಿ ಬೀರುವಿನ ಸಂದಿಯಲ್ಲಿ ಕೆಂಪು ಬಾಯಿ ತೆರೆದು ಬುಸುಗುಡುತ್ತಿತ್ತು. ಅವನ ಮುಷ್ಟಿ ಮೇಲೆದ್ದಿತು. ಆ ಮುಷ್ಟಿ ಬಿದ್ದಿದ್ದರೆ ಬೆಕ್ಕು ಉಳಿಯುತ್ತಿರಲಿಲ್ಲ.

“ಹೊಡಿ,” ಎಂದರು ಅಕ್ಕ, ಮಣಿಕಟ್ಟನ್ನು ಸೆರಗಿನಲ್ಲಿ ಅಮುಕಿಕೊಂಡು. “ಥೇಟ್ ಅಪ್ಪನ ಕೈ.”

ಮುಷ್ಟಿ ಬಿತ್ತು, ಬೀರುವಿನ ಬಾಗಿಲಿಗೆ. ಆ ತಗ್ಗು ಇನ್ನೂ ಇದೆ.

ಆಸ್ಪತ್ರೆಗೆ ನನ್ನ ಕಾರಿನಲ್ಲಿ ಹೋದೆವು. ಅಕ್ಕನ ಕೈ ಸೋರೆಕಾಯಿಯಂತೆ ಊದಿತು, ಚುಚ್ಚುಮದ್ದುಗಳಾದವು, ಒಂದು ರಾತ್ರಿ ಅಲ್ಲೇ ಇರಿಸಿಕೊಂಡರು. ಮರುದಿನ ಹಿಂದಿನ ಸೀಟಿನಲ್ಲಿ ಕೂತು ಅಕ್ಕ ತೀರ್ಪು ಕೊಟ್ಟರು.

“ಇನ್ನೊಂದ್ಸಲ ಮನೇಲಿ ರಕ್ತ ಬಿದ್ರೆ ಆ ಬೆಕ್ಕು ಬೀದಿಗೆ. ಯಂತ್ರ ಬಿಟ್ರೆ ನಾನು ಸಾಯ್ತೀನಿ.”

ಬೀದಿಯಲ್ಲಿ ಆ ನಾಯಿಗಳಿದ್ದವು. ಬೆಕ್ಕು ಸಿಕ್ಕರೆ ಉಳಿದ ಕಿವಿಯಿಂದ ಅವು ಶುರುಮಾಡುತ್ತಿದ್ದವು, ಕಿವಿಗೆ ನಿಲ್ಲಿಸುತ್ತಿರಲಿಲ್ಲ.

ಸಿಗ್ನಲಿನಲ್ಲಿ ಕಾರು ನಿಂತಾಗ ಅಕ್ಕ ತಮ್ಮನನ್ನು ಕೇಳಿದರು. “ಅಪ್ಪ ಕುಡಿದು ಬಂದು ಬೆಲ್ಟ್ ಬಿಚ್ಚಿದಾಗ ನಿನ್ನ ಎಲ್ಲಿಗೆ ಹತ್ತಿಸ್ತಿದ್ದೆನೋ?”

“ಅಟ್ಟಕ್ಕೆ.”

“ಏಣಿ?”

“ಮೇಲಕ್ಕೆ ಎಳ್ಕೊಳ್ತಿದ್ದೆ.”

“ಬೆಲ್ಟಿನ ಎದುರು ನಿಂತ್ಕೋ, ಹೆದರಿಕೆ ಹೋಗತ್ತೆ ಅಂತ ಹೇಳಿದ್ನಾ ನಾನು?”

“ನೀನು ನಿಂತ್ಕೊಳ್ತಿದ್ದೆ.”

“ಬೆಲ್ಟಿಗೆ ನನ್ನ ಬೆನ್ನಿತ್ತು. ನಿನಗೆ ಅಟ್ಟ ಇತ್ತು. ಆ ಬೆಕ್ಕಿಗೇನಿದ್ಯೋ?”

ಹಸಿರು ದೀಪ ಬಂದು ಹಿಂದಿನವರು ಹಾರ್ನ್ ಬಾರಿಸುವವರೆಗೆ ನಾನೂ ಗೇರ್ ಹಾಕಲಿಲ್ಲ.

ಆ ಸಂಜೆ ಗುದ್ದಪ್ಪ ನೆಲದಲ್ಲಿ ಬಿದ್ದಿದ್ದ ಕಪ್ಪುಗಳನ್ನು ಬೀರುವಿನ ಮೇಲಕ್ಕೆ ಮರಳಿಸಲಿಲ್ಲ. ಟ್ರಂಕಿನಲ್ಲಿ ತುಂಬಿದ. ಎಲ್ಲಕ್ಕಿಂತ ದೊಡ್ಡದರಲ್ಲಿ ಅಕ್ಕ ಈರುಳ್ಳಿ ಹಾಕಿಟ್ಟರು. ಖಾಲಿಯಾದ ಬೀರುವಿನ ನೆತ್ತಿಗೆ ಅವನು ರಿಂಗಿಗೆ ಹೋಗುವಾಗ ಹೊದೆಯುತ್ತಿದ್ದ ಹಳೆಯ ಗೌನನ್ನು ಮಡಚಿ ಹಾಸಿದ. ಪಕ್ಕದಲ್ಲಿ ಸ್ಟೂಲು, ಸ್ಟೂಲಿನ ಪಕ್ಕ ಟ್ರಂಕು, ಹತ್ತಲು. ಕೋಣೆಯ ಬಾಗಿಲನ್ನು ಮತ್ತೆಂದೂ ಹಾಕಲಿಲ್ಲ.

ಯಂತ್ರಕ್ಕೂ ಹೊಸ ಶಿಸ್ತು ಬಂತು. ಮೊದಲ ವಾರ ಅದು ಪ್ಲಗ್ಗಿಲ್ಲದೆ ಹಜಾರದಲ್ಲಿ ಸುಮ್ಮನೆ ನಿಂತಿತ್ತು, ಸುತ್ತ ಮೀನಿನ ಚೂರು. (ಅಷ್ಟು ದಿನ ಗುದ್ದಪ್ಪ ಮಂಡಿಯೂರಿ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿದ. ಮೇಲಿನಿಂದ ಬಂದ ನಿಟ್ಟುಸಿರು ನನಗೂ ಕೇಳುತ್ತಿತ್ತು.) ಆಮೇಲೆ ಬಚ್ಚಲಿನಲ್ಲಿ ಬಾಗಿಲು ಮುಚ್ಚಿ, ಉಸಿರು ಬಿಡುವಷ್ಟು ಹೊತ್ತು ಚಾಲೂ, ಮತ್ತೆ ಬಂದ್. ಆಮೇಲೆ ಅಡುಗೆಮನೆ. ಮೂತಿ ಎಂದೂ ಬೆಕ್ಕಿನ ಕಡೆಗಿಲ್ಲ. ಪ್ರತಿ ಸಲವೂ ಮೊದಲು ಗಂಟೆಯ ಸದ್ದು. ಶೆಡ್ಡಿನಿಂದ ತಂದ ಹಿತ್ತಾಳೆ ಗಂಟೆಯನ್ನು ಅವನು ಠಣ್ ಎನಿಸುತ್ತಿದ್ದ, ಅಕ್ಕ ಗೌನಿನ ಮೇಲೆ ಮೀನು ಇಡುತ್ತಿದ್ದರು. ರಿಂಗಿನಲ್ಲಿ ಗಂಟೆ ಹೊಡೆದರೆ ಮೂಲೆ ಬಿಟ್ಟು ಬಂದು ಹೊಡೆದಾಡಬೇಕು. ಇಲ್ಲಿ ಗಂಟೆ ಹೊಡೆದರೆ ಹೊಡೆದಾಟ ಬಿಟ್ಟು ಮೂಲೆಗೆ ಹೋಗಬಹುದು. ಗುದ್ದು ಬಿಟ್ಟ ಮನೆಗೆ ಹೀಗೆ ಸ್ವಲ್ಪ ಮುದ್ದು ಬಂತು.

ಪರೀಕ್ಷೆ ಹೇಳದೆ ಬಂತು. ಒಂದು ಬೆಳಿಗ್ಗೆ ಧೂಳು ಹೀರುತ್ತಿರುವಾಗ ಕರೆಂಟು ಹೋಯಿತು. ಗುದ್ದಪ್ಪ ಸ್ವಿಚ್ ಆರಿಸದೆ, ಕೆಳಗಿಳಿದು ಬಂದ ಬೆಕ್ಕನ್ನು ಎತ್ತಿಕೊಂಡು ಯಂತ್ರದ ಪಕ್ಕದಲ್ಲೇ ಕೂತ. ಅಕ್ಕ ಎದುರಿನ ಕುರ್ಚಿಯಲ್ಲಿ, ಕಟ್ಟು ಬಿಚ್ಚಿದ ಕೈಯಲ್ಲಿ ಕಾಫಿ ಲೋಟ ಹಿಡಿದಿದ್ದರು. ನಾನು ಪೇಪರು ವಾಪಸು ಕೊಡಲು ಬಾಗಿಲಲ್ಲಿದ್ದೆ. ಗಂಟೆಯಿಲ್ಲದೆ ಕರೆಂಟು ಬಂತು.

ಯಂತ್ರ ಗರ್ಜಿಸಿತು. ರೆಫರಿ ಗುದ್ದಪ್ಪನ ಹೆಗಲನ್ನು ಉತ್ತುಬಿಟ್ಟಿತು. ಅವನ ಕಿವಿಯ ಹಾಲೆ ಸೀಳಿ ಬನಿಯನ್ ಕೆಂಪಾಯಿತು. ಒಂದು ಕ್ಷಣ ಅದು ಅಕ್ಕನ ಕುರ್ಚಿಯ ಮುಂದೆ ಬೆನ್ನು ಬಿಲ್ಲಾಗಿಸಿ, ಹಲ್ಲು ತೋರಿಸುತ್ತ ನಿಂತಿತು. ಅಕ್ಕ ಲೋಟ ಅಲುಗಿಸಲಿಲ್ಲ. ಬೆಕ್ಕು ಸರಕ್ಕನೆ ತಿರುಗಿ ಕೋಣೆಗೆ ನುಗ್ಗಿತು. ಟ್ರಂಕು, ಸ್ಟೂಲು, ಬೀರು.

ಗುದ್ದಪ್ಪ ಯಂತ್ರ ಆರಿಸಿ, ಕಿವಿ ಹಿಡಿದುಕೊಂಡು, ತಪ್ಪು ಮಾಡಿದ ಹುಡುಗನಂತೆ ಅಕ್ಕನನ್ನು ನೋಡಿದ. ರಕ್ತ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

“ರಕ್ತ ಬಿತ್ತಲ್ಲಕ್ಕಾ,” ಎಂದ.

ಅಕ್ಕ ಕಾಫಿ ಮುಗಿಸಿದರು. “ನಿನ್ನ ರಕ್ತ ಲೆಕ್ಕಕ್ಕಿಲ್ಲ. ಒರೆಸು.”

ಈಗ ಇಬ್ಬರಿಗೂ ಒಂದೊಂದು ಕಿವಿ ಮುಕ್ಕು. ಮೊನ್ನೆ ಹೋದಾಗ ಗಂಟೆ ಹೊಡೆಯಿತು, ರೆಫರಿ ಆತುರವಿಲ್ಲದೆ ಮೇಲೇರಿತು, ಗುದ್ದಪ್ಪ ಗುರ್ರ್ ಎನಿಸುತ್ತ ಕೋಣೆಯ ಮೂಲೆ ಮೂಲೆ ಗುಡಿಸಿದ. ಬೆಕ್ಕು ಗೌನಿನ ಮೇಲೆ ಕಿವಿ ಚಪ್ಪಟೆ ಮಾಡಿ, ಉಗುರು ಊರಿ, ನಡುಗುತ್ತಲೇ ಕೂತಿತ್ತು. ಇಳಿಯಲಿಲ್ಲ, ಹಾರಲಿಲ್ಲ.

“ಹೆದರಿಕೆ ಹೋಗ್ಲೇ ಇಲ್ಲವಲ್ಲಯ್ಯಾ,” ಎಂದೆ.

“ಎಲ್ಲಿ ಹೋಗತ್ತೆ? ಇದೆ,” ಎಂದ.

ಬಹಳ ದಿನದಿಂದ ನಾಲಿಗೆಯ ತುದಿಯಲ್ಲಿದ್ದುದನ್ನು ಆಗ ಕೇಳಿಯೇಬಿಟ್ಟೆ. “ಅಂಥ ರಾಕ್ಷಸರ ಮುಂದೆ, ಬಾಯಲ್ಲಿ ರಕ್ತ ತುಂಬಿದ್ರೂ ನೀನು ಒಂದು ಹೆಜ್ಜೆ ಹಿಂದೆ ಇಟ್ಟವನಲ್ಲ ಅಂತಾರೆ. ಅಷ್ಟು ಧೈರ್ಯ ಎಲ್ಲಿಂದ ಬರ್ತಿತ್ತು ನಿನಗೆ?”

ಗುದ್ದಪ್ಪ ಯಂತ್ರ ನಿಲ್ಲಿಸಿ, ಬೀರುವಿನ ಮೇಲಕ್ಕೊಮ್ಮೆ ನೋಡಿದ.

“ಧೈರ್ಯ ಎಲ್ಲಿಂದ ಬಂತು? ರಿಂಗಲ್ಲಿ ಹತ್ತೋಕೆ ಬೀರು ಇಟ್ಟಿರಲಿಲ್ಲ.”